ಮಳೆಯ ದಿನ, ಒಬ್ಬರೇ, ಸ್ವಂತ ಡ್ರೈವಿಂಗ್: ಕ್ರೂಗರ್ ಕಾಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ, ನಾಲ್ಕು ದಿನದಲ್ಲಿ ಮೂರು ದಿನ ಮಳೆ ಅಂದ ತಕ್ಷಣ ಎಲ್ಲರೂ ‘ಅಯ್ಯೋ ಪಾಪ’ ಅನ್ನುತ್ತಾರೆ. ಆ ಮೂರು ದಿನ ನಾನು ನೋಡಿದ್ದನ್ನು ಹೇಳಿದ ಮೇಲೆ ಒಂದೊಂದೇ ಪ್ರಶ್ನೆ ಶುರುವಾಗುತ್ತದೆ. ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನೂ ನನಗೆ ಗೊತ್ತಿರುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಒಬ್ಬರೇ ಕಾರು ಓಡಿಸಿಕೊಂಡು ಕಾಡೊಳಗೆ ಹೋಗಲು ನಿಜವಾಗಲೂ ಬಿಡುತ್ತಾರಾ?

ಬಿಡುತ್ತಾರೆ. ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ಅಂದರೆ ಅವರ ಜೀಪು ಅಥವಾ ಬಸ್ಸು, ಅವರ ಡ್ರೈವರು. ಕ್ರೂಗರ್‌ನಲ್ಲಿ ಮೊದಲಿನಿಂದಲೂ ಜನ ತಮ್ಮ ಕಾರಿನಲ್ಲೇ ಹೋಗುತ್ತಿದ್ದಾರೆ. 1926ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ಪ್ರವಾಸಿಗರಿಗೆ ತೆರೆದಾಗ ಬಂದದ್ದು ಬರೀ ಮೂರು ಕಾರು. ಈಗ ಸುಮಾರು 20,000 ಚದರ ಕಿಲೋಮೀಟರ್ ಕಾಡಿನ ತುಂಬ ಟಾರು ರಸ್ತೆ, ಮಣ್ಣು ರಸ್ತೆಗಳ ಜಾಲ ಇದೆ. ಪ್ರತಿ ರಸ್ತೆಗೂ ನಂಬರ್ ಇದೆ. ‘ಎಚ್’ ಅಂತ ಶುರುವಾದರೆ ಮುಖ್ಯ ರಸ್ತೆ, ‘ಎಸ್’ ಅಂತ ಶುರುವಾದರೆ ಹೆಚ್ಚಾಗಿ ಮಣ್ಣಿನ ಒಳರಸ್ತೆ. ಒಂದು ಕಾಗದದ ಮ್ಯಾಪ್ ಸಾಕು.

ಷರತ್ತುಗಳೂ ಇವೆ. ಟಾರಿನ ಮೇಲೆ ಗಂಟೆಗೆ 50 ಕಿ.ಮೀ., ಮಣ್ಣು ರಸ್ತೆಯಲ್ಲಿ 40 ಕಿ.ಮೀ. ದಾಟುವಂತಿಲ್ಲ. ರಸ್ತೆ ಬಿಟ್ಟು ಇಳಿಯುವಂತಿಲ್ಲ. ಕ್ಯಾಂಪು (ರಾತ್ರಿ ತಂಗುವ, ಬೇಲಿ ಹಾಕಿದ ಜಾಗ), ಪಿಕ್ನಿಕ್ ಜಾಗ ಮತ್ತು ಗುರುತು ಹಾಕಿದ ಕೆಲವು ಕಡೆ ಬಿಟ್ಟರೆ ಕಾರಿನಿಂದ ಕೆಳಗೆ ಕಾಲಿಡುವಂತಿಲ್ಲ. ಕಿಟಕಿಯಿಂದ ಮೈ ಹೊರಗೆ ಹಾಕುವಂತೆಯೂ ಇಲ್ಲ.

ಅಲ್ಲಿ ಮಳೆಗಾಲ ಯಾವಾಗ?

ನಮಗೆ ಉಲ್ಟಾ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬೇಸಿಗೆ, ಮಳೆಯೂ ಆಗಲೇ. ಜನವರಿ, ಫೆಬ್ರವರಿಯಲ್ಲಿ ಜಾಸ್ತಿ. ಜೂನ್-ಜುಲೈ ಅವರಿಗೆ ಒಣ ಚಳಿಗಾಲ. ಮಲೆನಾಡಿನ ಮಳೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ದಕ್ಷಿಣ ತುದಿಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ., ಉತ್ತರಕ್ಕೆ ಹೋದ ಹಾಗೆ ಇನ್ನೂ ಕಡಿಮೆ. ಹೆಚ್ಚಿನ ದಿನ ನಮ್ಮ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಹಾಗೆ ಮಧ್ಯಾಹ್ನ ಮೇಲೆ ಕವಿದು ಬಂದು, ಸುರಿದು, ಹೋಗಿಬಿಡುತ್ತದೆ. ನಡುವೆ ಒಂದೆರಡು ದಿನ ಜಿಟಿಜಿಟಿ ಹಿಡಿಯುವುದೂ ಇದೆ. ಈ ಬರಹ ಮುಖ್ಯವಾಗಿ ಆ ಜಿಟಿಜಿಟಿ ದಿನದ ಬಗ್ಗೆ.

ಮಳೆಯಲ್ಲಿ ಪ್ರಾಣಿ ಕಾಣುತ್ತವಾ? ದುಡ್ಡು ದಂಡ ಅಲ್ವಾ?

ಇದನ್ನು ಕೇಳದವರೇ ಇಲ್ಲ. ಬರೀ ಲೆಕ್ಕ ಹಾಕಿ ನೋಡಿದರೆ ಆಗಸ್ಟ್-ಸೆಪ್ಟೆಂಬರ್ ಒಳ್ಳೆಯದು. ಆಗ ಹುಲ್ಲು ಒಣಗಿರುತ್ತದೆ, ಎಲೆ ಉದುರಿರುತ್ತದೆ, ನೀರು ಕೆಲವೇ ಕಡೆ ಇರುತ್ತದೆ, ಎಲ್ಲ ಪ್ರಾಣಿಗಳೂ ಅಲ್ಲಿಗೇ ಬರುತ್ತವೆ. ಮಳೆಗಾಲದಲ್ಲಿ ಹುಲ್ಲು ಆಳೆತ್ತರ. ಹೊಂಡ ಹೊಂಡದಲ್ಲೂ ನೀರು ನಿಂತಿರುವುದರಿಂದ ಆನೆಗಳು ನದಿ ಬಿಟ್ಟು ಚದುರಿ ಹೋಗಿರುತ್ತವೆ. ಇಷ್ಟು ನಿಜ.

ಆದರೆ ಮಳೆಗಾಲದಲ್ಲೂ ಬಿಸಿಲಿನ ದಿನ ಬೇರೆ, ಮೋಡದ ದಿನ ಬೇರೆ. ಜನವರಿಯಲ್ಲಿ ಬಿಸಿಲು ಹೊಡೆದರೆ 40 ಡಿಗ್ರಿಯ ಹತ್ತಿರ ಹೋಗುತ್ತದೆ. ಬೆಳಗ್ಗೆ ಎಂಟು-ಒಂಬತ್ತಕ್ಕೆಲ್ಲ ಸಿಂಹಗಳು ಪೊದೆಯ ನೆರಳು ಸೇರಿ ಮಲಗಿದರೆ ಸಂಜೆವರೆಗೆ ಏಳುವುದಿಲ್ಲ. ಸೋನೆ ಹಿಡಿದ ದಿನ ಆ ಸೆಕೆ ಇರುವುದಿಲ್ಲ. ಹನ್ನೊಂದು ಗಂಟೆಗೂ ಕತ್ತೆಕಿರುಬ ಓಡಾಡುತ್ತಿರುತ್ತದೆ. ಚುಕ್ಕೆ ಚುಕ್ಕೆ ಮೈಯ ಆಫ್ರಿಕಾದ ಕಾಡುನಾಯಿಗಳು ಗುಂಪಾಗಿ ರಸ್ತೆಯಲ್ಲೇ ಓಡುತ್ತಿರುತ್ತವೆ. ಹಗಲಿಡೀ ನೀರಲ್ಲೇ ಮುಳುಗಿರುವ ಹಿಪ್ಪೋ ಕೂಡ ದಡಕ್ಕೆ ಬಂದು ಮೇಯುತ್ತದೆ. ಅದರ ಪೂರ್ತಿ ಗಾತ್ರ ಗೊತ್ತಾಗುವುದು ಆಗಲೇ.

ಇನ್ನೊಂದು ಕಾರಣ ಹುಲ್ಲು. ಒದ್ದೆ ಹುಲ್ಲಲ್ಲಿ ನಡೆಯುವುದಕ್ಕಿಂತ ಸಿಂಹ, ಚಿರತೆಗಳಿಗೆ ರಸ್ತೆಯೇ ಸುಲಭ. ನನಗೆ ಮೊದಲ ಗಂಡು ಸಿಂಹ ಕಂಡದ್ದೂ ಹಾಗೆಯೇ. ತುಂತುರು ಮಳೆ, ಬೆಳಗ್ಗೆ ಐದೂವರೆ. ಟಾರಿನ ನಡುವೆ ನನ್ನ ಕಡೆಗೇ ನಡೆದು ಬರುತ್ತಿತ್ತು. ಕೇಸರವೆಲ್ಲ ಒದ್ದೆಯಾಗಿ ಕತ್ತಿಗೆ ಅಂಟಿತ್ತು. ಕಾರಿನ ಪಕ್ಕ ಬಂದಾಗ ಒಮ್ಮೆ ಮೈ ಕೊಡವಿತು. ಕಿಟಕಿಯ ಗಾಜಿಗೆ ಹನಿ ಬಂದು ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ.

ಜೋರು ಮಳೆ ಸುರಿಯುವಾಗ ಮಾತ್ರ ಏನೂ ಕಾಣುವುದಿಲ್ಲ. ಇಂಪಾಲಾ ಜಿಂಕೆಗಳು ಮಳೆಗೆ ಬೆನ್ನು ಕೊಟ್ಟು ತಲೆ ತಗ್ಗಿಸಿ ನಿಂತುಬಿಡುತ್ತವೆ. ನೀವೂ ನಿಲ್ಲಿಸಿ. ಮಳೆ ನಿಂತ ಮೇಲಿನ ಒಂದು ಗಂಟೆ ಇಡೀ ದಿನದಲ್ಲೇ ಒಳ್ಳೆಯದು.

ಯಾವ ರಸ್ತೆ ಹಿಡಿಯಬೇಕು?

ಮೊದಲ ಸಲ, ಒಬ್ಬರೇ, ಮಳೆ: ಹಾಗಾದರೆ ಟಾರು ರಸ್ತೆ. ಸ್ಕುಕುಜಾ ಕ್ಯಾಂಪಿನಿಂದ ಲೋಯರ್ ಸಾಬಿ ಕ್ಯಾಂಪಿನವರೆಗೆ ಸಾಬಿ ನದಿಯ ಪಕ್ಕದಲ್ಲೇ ಹೋಗುವ ಎಚ್4-1 ರಸ್ತೆ ಸುಮಾರು 45 ಕಿ.ಮೀ. ಇದೆ. ನಾನು ಅದಕ್ಕೆ ಅರ್ಧ ದಿನ ಕೊಡುತ್ತೇನೆ. ದೊಡ್ಡ ಮರಗಳು, ನದಿ, ಚಿರತೆ ಕಾಣುವ ಸಾಧ್ಯತೆ, ನಡುವೆ ನ್ಕುಹ್ಲು ಪಿಕ್ನಿಕ್ ಜಾಗ, ಕೊನೆಗೆ ಸನ್‌ಸೆಟ್ ಡ್ಯಾಮ್. ಆ ಕೆರೆಯ ಅಂಚಿಗೇ ಕಾರು ನಿಲ್ಲಿಸಬಹುದು. ಹಿಪ್ಪೋ ಬೆನ್ನ ಮೇಲೆ ನೀರಾಮೆಗಳು ಹತ್ತಿ ಕೂತಿರುತ್ತವೆ, ಪಕ್ಕದಲ್ಲಿ ಮೊಸಳೆ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ಮಳೆ ಬಂದರೂ ಒಂದೂವರೆ ಗಂಟೆ ಸುಮ್ನೆ ಕೂರಬಹುದಾದ ಜಾಗ.

ಸ್ಕುಕುಜಾ ಹತ್ತಿರ ಲೇಕ್ ಪ್ಯಾನಿಕ್ ಅನ್ನುವಲ್ಲಿ ನೀರಿಗೆ ಎದುರಾಗಿ ಸೂರು ಇರುವ ವೀಕ್ಷಣಾ ಗೂಡು ಇದೆ. ಅಲ್ಲಿ ಕಾರಿನಿಂದ ಇಳಿದು ಒಳಗೆ ಕೂರಬಹುದು. ಜಿಟಿಜಿಟಿ ಮಳೆಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮಣ್ಣು ರಸ್ತೆಗೆ ಇಳಿಯಲೇಬಾರದಾ?

ಅದು ಯಾವ ಮಣ್ಣು ಅನ್ನುವುದರ ಮೇಲೆ ಹೋಗುತ್ತದೆ. ಕ್ರೂಗರ್‌ನ ಪಶ್ಚಿಮ ಭಾಗದಲ್ಲಿ ಹೆಚ್ಚಾಗಿ ಗ್ರಾನೈಟ್ ಕಲ್ಲು, ಅದರಿಂದ ಆದ ಮರಳು ಮಣ್ಣು. ನೀರು ಬೇಗ ಇಂಗುತ್ತದೆ. ಪೂರ್ವದ ಬಯಲಿನಲ್ಲಿ ಬಸಾಲ್ಟ್ ಕಲ್ಲು, ಅದರಿಂದ ಆದ ಕಪ್ಪು ಜಿಗಟು ಮಣ್ಣು. ವಿಜಯಪುರ, ಧಾರವಾಡದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಎರೆಮಣ್ಣೂ ಅದೇ ಜಾತಿಯ ಕಲ್ಲಿನಿಂದ ಆದದ್ದೇ. ಮಳೆ ಬಿದ್ದ ಎರೆ ಹೊಲದ ದಾರಿಯಲ್ಲಿ ಚಪ್ಪಲಿ ಹೇಗೆ ಹಿಡಿದುಕೊಳ್ಳುತ್ತದೋ ಟೈರೂ ಹಾಗೆಯೇ. ಮೇಲೆ ನೋಡಿದರೆ ಗಟ್ಟಿ, ಚಕ್ರ ಇಟ್ಟರೆ ಬೆಣ್ಣೆ. ಸತಾರಾ ಕ್ಯಾಂಪಿನ ಹತ್ತಿರದ ಎಸ್100 ಸಿಂಹಗಳಿಗೆ ಹೆಸರಾದ ರಸ್ತೆ, ಆದರೆ ಅದು ಈ ಪೂರ್ವದ ಬಯಲಿನಲ್ಲಿದೆ. ಲೋಯರ್ ಸಾಬಿಯ ಕೆಳಗಿನ ಎಸ್28 ಕೂಡ.

ಜೋರು ಮಳೆ ಬಂದ ದಿನ ಇವುಗಳಲ್ಲಿ ಕೆಲವನ್ನು ಮುಚ್ಚುತ್ತಾರೆ. ಬೆಳಗ್ಗೆ ಕ್ಯಾಂಪಿನ ರಿಸೆಪ್ಶನ್‌ನಲ್ಲಿ ಕೇಳಿಕೊಂಡೇ ಹೊರಡಿ. ರಸ್ತೆಯ ಬಾಯಲ್ಲಿ ‘ಪ್ರವೇಶವಿಲ್ಲ’ ಬೋರ್ಡು ಇದ್ದರೆ ಅಲ್ಲಿಗೆ ಮುಗಿಯಿತು. ಬೋರ್ಡಿನ ಪಕ್ಕದಲ್ಲಿ ಬೇರೆ ಕಾರು ಹೋದ ಗುರುತು ಕಂಡರೂ ಹೋಗಬೇಡಿ. ಹೂತುಕೊಂಡರೆ ಇಳಿದು ತಳ್ಳುವುದಕ್ಕೂ ಇಲ್ಲ, ಜೊತೆಗೆ ಯಾರೂ ಇಲ್ಲ.

ಮರಳು ಮಣ್ಣಿನ ರಸ್ತೆ ತೆರೆದಿದ್ದರೆ ಮಾತ್ರ ನಿಧಾನವಾಗಿ ಹೋಗಿ. ಅದರಲ್ಲೊಂದು ಲಾಭ ಇದೆ. ಮಳೆ ಹಳೆಯ ಹೆಜ್ಜೆಗಳನ್ನೆಲ್ಲ ಸ್ಲೇಟಿನಂತೆ ಒರೆಸಿರುತ್ತದೆ. ಕಿಟಕಿಯ ಒಳಗಿಂದಲೇ ಕೆಳಗೆ ನೋಡಿದಾಗ ಕಾಣುವ ಹೆಜ್ಜೆ ಮಳೆ ನಿಂತ ಮೇಲೆ ಬಿದ್ದದ್ದೇ. ಏಳಕ್ಕೆ ಮಳೆ ನಿಂತಿತು, ಈಗ ಏಳೂ ಮುಕ್ಕಾಲು ಅಂದರೆ ಆ ಪ್ರಾಣಿ ಮುಂದೆ ಎಲ್ಲೋ ಹತ್ತಿರದಲ್ಲೇ ಇದೆ.

ಫೋರ್ ವೀಲ್ ಡ್ರೈವ್ ಬೇಕಾ?

ಟಾರಿಗೆ ಬೇಡ. ಸ್ವಲ್ಪ ಎತ್ತರದ ಕಾರು ಸಿಕ್ಕರೆ ಹುಲ್ಲಿನ ಮೇಲಿಂದ ನೋಡಲು ಅನುಕೂಲ, ಅಷ್ಟೇ.

ಬಾಡಿಗೆ ಕಾರು ತೆಗೆದುಕೊಳ್ಳುವಾಗ ವೈಪರ್ ರಬ್ಬರು ಮುಟ್ಟಿ ನೋಡಿ. ನನಗೆ ಕೊಟ್ಟ ಕಾರಿನಲ್ಲಿ ಡ್ರೈವರ್ ಕಡೆಯ ರಬ್ಬರು ಹರಿದಿತ್ತು. ಒಣ ದಿನ ಪಡೆದದ್ದರಿಂದ ಗೊತ್ತಾಗಲಿಲ್ಲ. ಮೊದಲ ಮಳೆಗೇ ಕಣ್ಣ ಎದುರಿಗೆ ಒಂದು ಗೇಣು ಅಗಲ ಮಸುಕು. ಅರ್ಧ ದಿನ ಹಾಳಾಯಿತು. ಸ್ಟೆಪ್ನಿಯ ಗಾಳಿ, ಎಸಿ, ನಾಲ್ಕೂ ಟೈರಿನ ಸವೆತ, ಹೆಡ್‌ಲೈಟು, ಇಷ್ಟನ್ನು ಅಲ್ಲೇ ನಿಂತು ನೋಡಿ.

ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ದಾಟಬಹುದಾ?

ಬೇಡ. ಪಾದ ಮುಳುಗುವಷ್ಟೇ ಇದೆ ಅನ್ನಿಸಿದರೂ ಬೇಡ. ಕ್ರೂಗರ್‌ನಲ್ಲಿ ನೀರಿನ ಮಟ್ಟಕ್ಕೇ ಕಟ್ಟಿದ ತಗ್ಗು ಸೇತುವೆಗಳು ಬಹಳ ಇವೆ. ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು. ಕೆಂಪು ನೀರಿನ ಕೆಳಗೆ ಸೇತುವೆ ಇನ್ನೂ ಇದೆಯೋ ಕೊಚ್ಚಿ ಹೋಗಿದೆಯೋ ಕಾಣುವುದೂ ಇಲ್ಲ.

ಇನ್ನೊಂದು ಮಾತು. ಇಲ್ಲಿನ ದೊಡ್ಡ ನದಿಗಳು ಪಶ್ಚಿಮದ ಎತ್ತರದ ನಾಡಿನಿಂದ ಇಳಿದು, ಪಾರ್ಕನ್ನು ಅಡ್ಡವಾಗಿ ದಾಟಿ, ಮೊಜಾಂಬಿಕ್ ಕಡೆ ಹೋಗುತ್ತವೆ. ನೀವಿರುವಲ್ಲಿ ಬಿಸಿಲಿದ್ದರೂ ಮೇಲೆ ಬಿದ್ದ ಮಳೆ ರಾತ್ರಿ ಕಳೆದು ಇಲ್ಲಿಗೆ ಬರುತ್ತದೆ. 2000ದ ಫೆಬ್ರವರಿಯ ಮಹಾಪೂರದಲ್ಲಿ ಸಾಬಿ ನದಿ ಸ್ಕುಕುಜಾ ಕ್ಯಾಂಪಿನೊಳಗೇ ನುಗ್ಗಿತ್ತು. 2012ರ ಜನವರಿಯಲ್ಲೂ ಪ್ರವಾಹ ಬಂದು ಕ್ಯಾಂಪುಗಳಿಂದ ಜನರನ್ನು ಸಾಗಿಸಬೇಕಾಯಿತು. ಬಂದ ದಾರಿಯಲ್ಲೇ ವಾಪಸ್ ಹೋಗುವಷ್ಟು ಪೆಟ್ರೋಲು ಮತ್ತು ಸಮಯ ಯಾವಾಗಲೂ ಕೈಯಲ್ಲಿರಲಿ.

ಒಬ್ಬರೇ ಓಡಿಸುತ್ತಾ ಪ್ರಾಣಿ ಹುಡುಕುವುದು ಹೇಗೆ?

ಓಡಿಸುತ್ತಾ ಹುಡುಕಬೇಡಿ. ನಿಲ್ಲಿಸಿ ಹುಡುಕಿ. ಇಬ್ಬರಿದ್ದರೆ ಒಬ್ಬರ ಕಣ್ಣು ರಸ್ತೆಗೆ, ಇನ್ನೊಬ್ಬರದು ಕಾಡಿಗೆ. ಒಬ್ಬರೇ ಇದ್ದಾಗ ಎರಡೂ ಅರ್ಧಂಬರ್ಧ ಆಗುತ್ತದೆ. ನಾನು ಗಂಟೆಗೆ 20-25 ಕಿ.ಮೀ.ನಲ್ಲಿ ಹೋಗುತ್ತೇನೆ. ಎರಡು-ಮೂರು ಕಿ.ಮೀ.ಗೆ ಒಮ್ಮೆ ಪೂರ್ತಿ ಎಡಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡುತ್ತೇನೆ. ಮಳೆಯ ಕಡೆ ಇಲ್ಲದ ಕಿಟಕಿ ಇಳಿಸುತ್ತೇನೆ. ಹತ್ತು ನಿಮಿಷ. ಮೊದಲ ಐದು ನಿಮಿಷ ಏನೂ ಇಲ್ಲ ಅನ್ನಿಸುತ್ತದೆ. ಆಮೇಲೆ ಇಂಪಾಲಾದ ಸೀನು ಕೇಳಿಸುತ್ತದೆ. ಎಲ್ಲ ಇಂಪಾಲಾಗಳೂ ಒಂದೇ ಕಡೆ ತಲೆ ತಿರುಗಿಸಿ ನಿಂತಿದ್ದರೆ ನೀವೂ ಅದೇ ಕಡೆ ನೋಡಿ. ಬಂಡೀಪುರದಲ್ಲಿ ಸಾರಂಗ, ಮುಸಿಯದ ಕೂಗು ಕೇಳಿ ಹುಲಿ ಹುಡುಕಿದವರಿಗೆ ಇದು ಹೊಸದಲ್ಲ.

ಎದುರು ಕಾರು ಬಂದರೆ ಕೈ ತೋರಿಸಿ ನಿಲ್ಲಿಸಿ ‘ಏನಾದರೂ ಕಂಡಿತಾ?’ ಅಂತ ಕೇಳಿ. ಅಲ್ಲಿ ಎಲ್ಲರೂ ಕೇಳುತ್ತಾರೆ, ಎಲ್ಲರೂ ಖುಷಿಯಿಂದ ಹೇಳುತ್ತಾರೆ. ದೊಡ್ಡ ಕ್ಯಾಂಪುಗಳಲ್ಲಿ ಇವತ್ತು ಏನು ಎಲ್ಲಿ ಕಂಡಿತು ಅಂತ ಗುರುತು ಹಾಕುವ ಮ್ಯಾಪ್ ಬೋರ್ಡೂ ಇರುತ್ತದೆ.

ಆನೆ ರಸ್ತೆಗೆ ಅಡ್ಡ ನಿಂತರೆ?

ಅದು ಹೋಗುವವರೆಗೆ ಕಾಯಬೇಕು. ದೂರದಲ್ಲೇ ನಿಲ್ಲಿಸಿ, ಹಿಂದೆ ಹೋಗಲು ದಾರಿ ಖಾಲಿ ಇಟ್ಟುಕೊಳ್ಳಿ. ತಾಯಿ-ಮರಿಯ ನಡುವೆ ಕಾರು ತೂರಿಸಬೇಡಿ. ಹಾರ್ನ್ ಬೇಡ.

ಮಳೆಯ ದಿನದ ಒಂದು ಅಪಾಯವನ್ನು ಜಾಸ್ತಿ ಜನ ಹೇಳುವುದಿಲ್ಲ. ಮದ ಬಂದ ಗಂಡಾನೆಯನ್ನು ಗುರುತಿಸುವುದು ಕಣ್ಣು-ಕಿವಿಯ ನಡುವೆ ಇಳಿಯುವ ಮದಜಲದ ಕಪ್ಪು ಗೆರೆಯಿಂದ. ಮಳೆಯಲ್ಲಿ ಮೈಯೆಲ್ಲ ಒದ್ದೆಯಾಗಿ ಕಪ್ಪಾಗಿರುತ್ತದೆ, ಆ ಗೆರೆ ಕಾಣುವುದೇ ಇಲ್ಲ. ಆದ್ದರಿಂದ ಒಂಟಿ ಗಂಡಾನೆ ಕಂಡರೆ ಮದ ಇದೆ ಅಂತಲೇ ಅಂದುಕೊಂಡು ದೂರ ಇರಿ. ತಲೆ ಎತ್ತಿ, ಕಿವಿ ಅಗಲಿಸಿ ನಿಮ್ಮ ಕಡೆ ತಿರುಗಿದರೆ ನಿಧಾನವಾಗಿ ರಿವರ್ಸ್ ಹೋಗಿ. ಇದಕ್ಕಾಗಿಯೇ ಹಿಂದಿನ ಗಾಜು ಒರೆಸಿ ಇಟ್ಟುಕೊಂಡಿರಬೇಕು.

ಸಿಂಹ, ಚಿರತೆ ಯಾವುದೂ ಸಿಗದಿದ್ದರೆ?

ಆಗ ಕಣ್ಣು ಕೆಳಗೆ ಇಳಿಸಿ. ನನಗೆ ಮಳೆಯ ದಿನ ಇಷ್ಟವಾಗುವುದೇ ಇದಕ್ಕೆ.

ಟಾರಿನ ತಗ್ಗಿನಲ್ಲಿ ನಿಂತ ನೀರು ಕುಡಿಯಲು ಚುಕ್ಕೆ ಚಿಪ್ಪಿನ ದೊಡ್ಡ ಆಮೆ ಬಂದಿರುತ್ತದೆ. ಕತ್ತು ಚಾಚಿ, ಮೂತಿ ಅದ್ದಿ, ಎಷ್ಟು ಹೊತ್ತಾದರೂ ಎತ್ತುವುದಿಲ್ಲ. ಎಲೆ ಹಸಿರಿನ ಗೋಸುಂಬೆ ಹೆಜ್ಜೆ ಹೆಜ್ಜೆಗೂ ಮುಂದೆ-ಹಿಂದೆ ತೂಗುತ್ತಾ ರಸ್ತೆ ದಾಟುತ್ತದೆ. ಆನೆ ಲದ್ದಿ ಬಿದ್ದ ಸ್ವಲ್ಪ ಹೊತ್ತಿಗೆ ಸಗಣಿ ಹುಳಗಳು ಬಂದು ಉಂಡೆ ಕಟ್ಟಿ ಉರುಳಿಸಿಕೊಂಡು ಹೋಗುತ್ತವೆ. ಲದ್ದಿಯ ಮೇಲೆ ದಯವಿಟ್ಟು ಚಕ್ರ ಹತ್ತಿಸಬೇಡಿ, ಬಳಸಿ ಹೋಗಿ. ಮಳೆ ಬಿದ್ದ ಮಣ್ಣಿನ ಮೇಲೆ ಕೆಂಪು ಮಖಮಲ್ ಚುಕ್ಕೆಗಳು ಓಡಾಡುವುದೂ ಕಾಣಬಹುದು. ಉತ್ತರ ಕರ್ನಾಟಕದಲ್ಲಿ ಮಿರಗದ ಹುಳ ಅನ್ನುತ್ತಾರಲ್ಲ, ಅದರ ನೆಂಟರು. ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಮುದ್ದೆ ಕಂಡರೆ ಅದು ಮರಗಪ್ಪೆಯ ಗೂಡು. ಮಲೆನಾಡಿನ ಕೆಲವು ಮರಗಪ್ಪೆಗಳು ಕಟ್ಟುವಂಥದ್ದೇ.

ಮಳೆ ನಿಂತ ಮೇಲೆ ಗೆದ್ದಲಿನ ಹುತ್ತದಿಂದ ಈಸಲು ಹುಳ ಏಳುತ್ತವೆ. ಆಗ ಕಾರು ನಿಲ್ಲಿಸಿ. ಹದ್ದು, ಗಿಡುಗ, ಕೊಕ್ಕರೆ, ಮಂಗಟ್ಟೆ, ಎಲ್ಲವೂ ಅಲ್ಲಿಗೆ ಬರುತ್ತವೆ. ಸತ್ತ ಪ್ರಾಣಿ ಹರಿದು ತಿನ್ನುವಷ್ಟು ದೊಡ್ಡ ಹದ್ದು ನೆಲದ ಮೇಲೆ ನಡೆದಾಡಿ ಹುಳ ಹೆಕ್ಕುವುದನ್ನು ನಾನು ನೋಡಿದ್ದು ಅಲ್ಲೇ.

ಹಕ್ಕಿಗಳಿಗಂತೂ ಇದೇ ಕಾಲ. ನೀಲಿ ಬೆನ್ನಿನ ಕಾಡು ಮಿಂಚುಳ್ಳಿ ನವೆಂಬರ್‌ಗೆ ಬಂದು ಏಪ್ರಿಲ್‌ವರೆಗೆ ಇರುತ್ತದೆ. ಒಂದು ಚುರುಕು ಸ್ವರ, ಆಮೇಲೆ ಉದ್ದನೆಯ ಟ್ರ್‌ರ್‌ರ್. ಇಡೀ ದಿನ ಅದೇ. ನಾಗಾಲ್ಯಾಂಡಿನಲ್ಲಿ ತಂಗಿ, ಅರಬ್ಬಿ ಸಮುದ್ರ ದಾಟಿ ಬರುವ ಅಮೂರ್ ಫಾಲ್ಕನ್‌ಗಳು ಬೇಸಿಗೆ ಕಳೆಯುವುದು ದಕ್ಷಿಣ ಆಫ್ರಿಕಾದ ಕಡೆಯೇ. ನಮ್ಮ ಕೆಂಬೂತದ ಸಂಬಂಧಿಯೊಂದು ಅಲ್ಲಿ ಕೂಗಿದರೆ ಮಳೆ ಬರುತ್ತದೆ ಅಂತ ಜನ ಹೇಳುತ್ತಾರೆ. ಅದಕ್ಕೆ ಮಳೆಹಕ್ಕಿ ಅಂತಲೇ ಹೆಸರು. ಆಮೇಲೆ ಚಾತಕ. ಹೌದು, ಮಳೆಹನಿಗೆ ಬಾಯಿ ತೆರೆದು ಕಾಯುತ್ತದೆ ಅಂತ ನಾವು ಕಥೆ ಕೇಳಿದ ಅದೇ ಜಾತಿಯ ಹಕ್ಕಿ. ಅಲ್ಲಿಯೂ ಅದು ಮಳೆಯ ಜೊತೆಗೇ ಬರುತ್ತದೆ. ಒದ್ದೆ ಕೊಂಬೆಯ ಮೇಲೆ ಜುಟ್ಟು ನೆನೆಸಿಕೊಂಡು ಕೂತ ಚಾತಕವನ್ನು ಸ್ಕುಕುಜಾ ಹತ್ತಿರ ನೋಡಿದಾಗ ನನ್ನ ಪಕ್ಕದಲ್ಲಿ ಕನ್ನಡದವರು ಒಬ್ಬರಾದರೂ ಇರಬೇಕಿತ್ತು ಅನ್ನಿಸಿತು.

ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಹೋದರೆ ಇಂಪಾಲಾ ಮರಿಗಳ ಕಾಲ. ಕೆಲವೇ ವಾರಗಳಲ್ಲಿ ಕಾಡಿನ ತುಂಬ ಉದ್ದ ಕಾಲಿನ ಮರಿಗಳು.

ಮಳೆಯಲ್ಲಿ ಫೋಟೋ ಬರುತ್ತದಾ? ಗಾಜಿಗೆ ಮಂಜು ಹಿಡಿಯುತ್ತದಲ್ಲ?

ಎಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಮಂಜು ಹೋಗುತ್ತದೆ. ಆದರೆ ತಣ್ಣಗಿನ ಕಾರಿನಿಂದ ಲೆನ್ಸನ್ನು ಹೊರಗಿನ ಹಬೆಗೆ ಒಡ್ಡಿದರೆ ಅದಕ್ಕೇ ಮಂಜು ಹಿಡಿಯುತ್ತದೆ. ಪ್ರಾಣಿ ಸಿಗಬಹುದು ಅನ್ನಿಸುವ ಜಾಗಕ್ಕೆ ಮೊದಲೇ ಎಸಿ ಆಫ್ ಮಾಡಿ. ಒಂದು ಬಟ್ಟೆ ಚೀಲಕ್ಕೆ ಅಲ್ಲೇ ಕೊಂಡ ಅಕ್ಕಿ ತುಂಬಿ ಕಿಟಕಿಯ ಮೇಲಿಟ್ಟರೆ ಕ್ಯಾಮೆರಾ ಅಲುಗುವುದಿಲ್ಲ. ಬೆಳಕು ಕಡಿಮೆ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್) ಏರಿಸಲು ಹಿಂಜರಿಯಬೇಡಿ. ಒಂದೆರಡು ಹತ್ತಿ ಟವೆಲ್ ಇರಲಿ.

ಶೌಚಕ್ಕೆ ಏನು ಮಾಡುವುದು?

ನಾಚಿಕೆ ಇಲ್ಲದೆ ಕೇಳಬೇಕಾದ ಪ್ರಶ್ನೆ ಇದು. ನಡುದಾರಿಯಲ್ಲಿ ಇಳಿಯುವಂತಿಲ್ಲ, ಇಳಿಯಲೂಬೇಡಿ. ಪೊದೆಯ ಹಿಂದೆ ಏನಿದೆ ಅಂತ ನಿಮಗೆ ಕಾಣುವುದಿಲ್ಲ. ಕ್ಯಾಂಪು, ಪಿಕ್ನಿಕ್ ಜಾಗಗಳನ್ನು ನೋಡಿಕೊಂಡೇ ದಾರಿ ಹಾಕಿ. ಸ್ಕುಕುಜಾದಿಂದ ಸತಾರಾ 90 ಕಿ.ಮೀ.ಗೂ ಜಾಸ್ತಿ, ನಡುವೆ ಚೊಕ್ವಾನೆ ಪಿಕ್ನಿಕ್ ಜಾಗದಲ್ಲಿ ನಿಲ್ಲಿ. ಸಿಂಹ ಸಿಕ್ಕರೆ ಒಂದು ಗಂಟೆ ಅಲ್ಲೇ ಹೋಗುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಊಟ?

ಪಿಕ್ನಿಕ್ ಜಾಗಗಳಲ್ಲಿ ಸಾಮಾನ್ಯವಾಗಿ ಗ್ಯಾಸ್ ಒಲೆ ಬಾಡಿಗೆಗೆ ಸಿಗುತ್ತದೆ. ಕ್ಯಾಂಪಿನ ಅಂಗಡಿಯಲ್ಲಿ ಮೊಟ್ಟೆ, ಬ್ರೆಡ್ಡು, ಈರುಳ್ಳಿ ಸಿಗುತ್ತದೆ. ಫ್ಲಾಸ್ಕಿನಲ್ಲಿ ಚಹಾ ಇರಲಿ. ಮಂಗ, ಬಬೂನುಗಳ ಕಾಟ ಇದೆ, ತಟ್ಟೆ ಬಿಟ್ಟು ಏಳಬೇಡಿ.

ಕಾರು ಕೆಟ್ಟು ನಿಂತರೆ?

ಒಳಗೇ ಕೂರಿ. ಎಂಟ್ರಿ ಪರ್ಮಿಟ್ ಮೇಲೆ ತುರ್ತು ನಂಬರ್ ಇರುತ್ತದೆ. ಕ್ಯಾಂಪುಗಳಿಂದ ದೂರ ಹೋದರೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಟಾರು ರಸ್ತೆಯಲ್ಲಿದ್ದರೆ ಯಾವುದಾದರೂ ಕಾರು ಬರುತ್ತದೆ, ಅವರ ಕೈಯಲ್ಲಿ ಕ್ಯಾಂಪಿಗೆ ಹೇಳಿ ಕಳಿಸಿ. ಮಳೆಯ ದಿನ ಟಾರಿನಲ್ಲೇ ಇರಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಕಾರಣ. ಬೆಳಗ್ಗೆ ಹೊರಡುವಾಗ ‘ಇಂಥ ರಸ್ತೆ, ಇಷ್ಟು ಹೊತ್ತಿಗೆ ವಾಪಸ್’ ಅಂತ ಮನೆಯವರಿಗೆ ಒಂದು ಮೆಸೇಜ್ ಹಾಕಿ.

ಲೈಸೆನ್ಸು, ಮಲೇರಿಯಾ?

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಹೋಗಿ, ಬಾಡಿಗೆ ಕಾರಿನವರು ಕೇಳಬಹುದು. ಅಲ್ಲಿಯೂ ಎಡಗಡೆ ಓಡಿಸುವುದು. ಜೊಹಾನ್ಸ್‌ಬರ್ಗ್‌ನಿಂದ ದಕ್ಷಿಣದ ಗೇಟುಗಳಿಗೆ ಐದು ಗಂಟೆ ದಾರಿ. ಮಳೆಗಾಲದಲ್ಲಿ ಮಲೇರಿಯಾ ಅಪಾಯ ಜಾಸ್ತಿ, ಹೊರಡುವ ಮೊದಲೇ ಡಾಕ್ಟರ ಹತ್ತಿರ ಮಾತ್ರೆ ಕೇಳಿ. ವಾಪಸ್ ಬಂದ ಮೇಲೆ ಜ್ವರ ಬಂದರೆ ಆಫ್ರಿಕಾಕ್ಕೆ ಹೋಗಿದ್ದೆ ಅಂತ ಹೇಳಲೇಬೇಕು.

ಘೇಂಡಾಮೃಗ ಕಂಡರೆ?

ನೋಡಿ, ಖುಷಿಪಡಿ, ಜಾಗ ಯಾರಿಗೂ ಹೇಳಬೇಡಿ. ಕೊಂಬಿಗಾಗಿ ಅವುಗಳನ್ನು ಕೊಲ್ಲುವ ಕಳ್ಳಬೇಟೆ ಕ್ರೂಗರ್‌ನ ದೊಡ್ಡ ಗಾಯ. ಫೋಟೋ ಹಾಕುವುದಿದ್ದರೆ ಊರಿಗೆ ಬಂದ ಮೇಲೆ ಹಾಕಿ, ಲೊಕೇಶನ್ ತೆಗೆದು ಹಾಕಿ.

ಗೇಟಿಗೆ ತಡವಾದರೆ?

ದಂಡ ಬೀಳುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಕ್ಯಾಂಪ್ ಗೇಟು ಬೆಳಗ್ಗೆ 4.30ಕ್ಕೆ, ಪಾರ್ಕಿನ ಹೊರಗೇಟು 5.30ಕ್ಕೆ ತೆರೆಯುತ್ತದೆ. ಸಂಜೆ 6.30ಕ್ಕೆ ಎರಡೂ ಮುಚ್ಚುತ್ತವೆ. ಮೋಡ ಕವಿದ ದಿನ ಆರು ಗಂಟೆಗೇ ಕತ್ತಲಾದ ಹಾಗಿರುತ್ತದೆ, ವೇಗ ಕಮ್ಮಿ ಮಾಡಲೇಬೇಕಾಗುತ್ತದೆ. ಮ್ಯಾಪ್ ತೋರಿಸುವ ಸಮಯಕ್ಕೆ ಅರ್ಧದಷ್ಟು ಸೇರಿಸಿ ಲೆಕ್ಕ ಹಾಕಿ. ಕೊನೆಯ ಹತ್ತು ಕಿ.ಮೀ.ನಲ್ಲಿ ಆನೆ ಹಿಂಡು ರಸ್ತೆ ದಾಟುವುದಕ್ಕೆ ಅರ್ಧ ಗಂಟೆ ಬೇರೆ.

ಕ್ಯಾಂಪಿಗೆ ಬಂದ ಮೇಲೆ ರೂಮಿನಲ್ಲೇ ಕೂರುವುದಾ?

ಜಗಲಿಯಲ್ಲಿ ಕೂರಿ. ಸೊಳ್ಳೆಗೆ ಹಚ್ಚುವುದನ್ನು ಹಚ್ಚಿಕೊಂಡು, ಲೈಟ್ ಆರಿಸಿ. ಮಳೆ ಬಂದ ರಾತ್ರಿ ಕಪ್ಪೆಗಳ ಸದ್ದು ಎಷ್ಟಿರುತ್ತದೆ ಅಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಅದು ಒಮ್ಮೆಲೇ ನಿಂತಾಗ ಬೇಲಿಯ ಕಡೆ ಟಾರ್ಚ್ ಹಾಕಿ ನೋಡಿ. ಕತ್ತೆಕಿರುಬ ಬೇಲಿಯ ಹೊರಗೆ ಮೂಸುತ್ತಾ ಹೋಗುತ್ತಿರಬಹುದು. ನಾಳೆ 4.30ಕ್ಕೆ ಗೇಟು ತೆರೆಯುವಾಗ ಸಾಲಿನಲ್ಲಿ ಮೊದಲನೇ ಕಾರು ನಿಮ್ಮದಾಗಬೇಕಾದರೆ ನಾಲ್ಕಕ್ಕೆ ಅಲಾರಂ ಇಡಿ.